ಇಳಿಯುವ ವಿಮಾನದ ಸದ್ದು ಯಾವ ಭಾಗದ್ದು? 16 ಮೈಕ್‌ಗಳ ಅರೇ ಸಾಕೇ?

ಪ್ರಶ್ನೆ: ಉಪನ್ಯಾಸಕಿ, ಕೋಲಾರ

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ದೇವನಹಳ್ಳಿಯಲ್ಲಿ ಇಳಿಯಲು ಬರುವ ವಿಮಾನದ ಸದ್ದಿನಲ್ಲಿ ಎಂಜಿನ್ನಿನ ಪಾಲೆಷ್ಟು, ಚಕ್ರಗಳ ಮತ್ತು ರೆಕ್ಕೆಯ ಫ್ಲ್ಯಾಪ್‌ಗಳ ಪಾಲೆಷ್ಟು ಎಂಬುದನ್ನು ಅಂತಿಮ ವರ್ಷದ ವಿದ್ಯಾರ್ಥಿಗಳು ಮೈಕ್ ಅರೇ (ಒಟ್ಟಿಗೆ ಕೆಲಸ ಮಾಡುವ ಹಲವು ಮೈಕ್‌ಗಳ ಜೋಡಣೆ) ಬಳಸಿ ಗುರುತಿಸಬೇಕೆಂದಿದ್ದಾರೆ. ನಮ್ಮಲ್ಲಿ 16 ಸಣ್ಣ ಡಿಜಿಟಲ್ ಮೈಕ್‌ಗಳಿವೆ. ಅವನ್ನು ಒಂದೂವರೆ ಮೀಟರ್ ಅಗಲದ ಹಲಗೆಯ ಮೇಲೆ ನಾಲ್ಕು ಸಾಲುಗಳಾಗಿ ಕೂರಿಸುವ ಯೋಚನೆಯಿದೆ. ರನ್‌ವೇಯ ಪೂರ್ವಕ್ಕೆ ಸುಮಾರು 5 ಕಿ.ಮೀ. ದೂರದಲ್ಲಿ, ವಿಮಾನಗಳು ನೇರ ತಲೆಯ ಮೇಲೆ ಹಾಯುವ ಕಡೆ, ಪರಿಚಿತರೊಬ್ಬರು ತಮ್ಮ ಹೊಲವನ್ನು ಬಳಸಲು ಒಪ್ಪಿದ್ದಾರೆ. ಇಷ್ಟರಿಂದ ಮೂಲಗಳನ್ನು ಬೇರ್ಪಡಿಸಲು ಸಾಧ್ಯವೇ?

ಉತ್ತರ 1: ಧ್ವನಿ ಮಾಪನ ಕ್ಷೇತ್ರದವರು, ತುಮಕೂರು

ಮೇಡಂ, ಮೈಕ್‌ಗಳ ಸಂಖ್ಯೆಗಿಂತ ಮೊದಲು ಅರೇಯ ಅಗಲವನ್ನು ನೋಡಬೇಕು. ಎರಡು ಮೂಲಗಳು ಬೇರೆಬೇರೆಯಾಗಿ ಕಾಣಲು ಅವುಗಳ ನಡುವೆ ಇರಬೇಕಾದ ಅಂತರವು, ತರಂಗದೂರವನ್ನು (ಸದ್ದಿನ ಒಂದು ಅಲೆಯ ಉದ್ದ) ವಿಮಾನದ ದೂರದಿಂದ ಗುಣಿಸಿ ಅರೇಯ ವ್ಯಾಸದಿಂದ ಭಾಗಿಸಿದಾಗ ಬರುವುದರ ಸುಮಾರು 1.22 ಪಟ್ಟು ಇರುತ್ತದೆ. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನವು 5 ಕಿ.ಮೀ. ಆಚೆ ಸುಮಾರು 260 ಮೀಟರ್ ಎತ್ತರದಲ್ಲಿರುತ್ತದೆ. ನಿಮ್ಮ ಹಲಗೆಗೆ 1000 ಹರ್ಟ್ಸ್‌ನಲ್ಲಿ ಆ ಅಂತರ 70 ಮೀಟರನ್ನು ದಾಟುತ್ತದೆ, ಅಂದರೆ ಏರ್‌ಬಸ್ ಎ320ರಂಥ ಇಡೀ ಪ್ರಯಾಣಿಕ ವಿಮಾನವೇ ಒಂದು ಮಸುಕಾದ ಕಲೆಯಾಗಿ ಕಾಣುತ್ತದೆ. ವ್ಯಾಸವನ್ನು 6 ಮೀಟರಿಗೆ ಹೆಚ್ಚಿಸಿ 4000 ಹರ್ಟ್ಸ್‌ನಲ್ಲಿ ನೋಡಿದರೆ ಅದು ಸುಮಾರು ನಾಲ್ಕೂವರೆ ಮೀಟರಿಗೆ ಇಳಿಯುತ್ತದೆ. ಎ320ರ ಮುಂಚಕ್ರಕ್ಕೂ ಮುಖ್ಯ ಚಕ್ರಗಳಿಗೂ ನಡುವೆ 12 ಮೀಟರಿಗಿಂತ ಹೆಚ್ಚು ಅಂತರವಿರುವುದರಿಂದ ಆಗ ಅವು ಬೇರೆಯಾಗಿ ಕಾಣಬೇಕು.

ಆದರೆ ಅಷ್ಟು ಅಗಲಕ್ಕೆ 16 ಮೈಕ್‌ಗಳನ್ನು ಸಮ ಅಂತರದ ಸಾಲುಗಳಲ್ಲಿ ಇಡಬೇಡಿ. ಮೈಕ್‌ಗಳ ಅಂತರ ಅರ್ಧ ತರಂಗದೂರವನ್ನು ಮೀರಿದಾಗ, ಸಮ ಸಾಲುಗಳು, ಸದ್ದಿನ ಮೂಲವೇ ಇಲ್ಲದ ಕಡೆಯೂ ಮೂಲವಿದೆಯೆಂದು ತೋರಿಸುತ್ತವೆ. ಸುರುಳಿಯಾಕಾರದ ಅಸಮ ಜೋಡಣೆಯಲ್ಲಿ ಆ ಸುಳ್ಳು ಮೂಲಗಳು ಒಂದೆಡೆ ಗಟ್ಟಿಯಾಗಿ ನಿಲ್ಲದೆ ಹರಡಿಹೋಗುತ್ತವೆ. ಪ್ರತಿ ಮೈಕನ್ನೂ ನೆಲಕ್ಕೆ ಒತ್ತಿದ ಗಟ್ಟಿ ತಟ್ಟೆಯ ಮೇಲೆ ಮಟ್ಟವಾಗಿ ಕೂರಿಸಿ, ಗಾಳಿ ತಡೆಯುವ ಫೋಮ್ ಹೊದಿಸಿ. ಎಲ್ಲ ಮೈಕ್‌ಗಳೂ ಒಂದೇ ಗಡಿಯಾರದ ಸಂಕೇತದಲ್ಲಿ ಓಡಲೇಬೇಕು. 4000 ಹರ್ಟ್ಸ್‌ನ ಒಂದು ಆವರ್ತಕ್ಕೆ 250 ಮೈಕ್ರೊಸೆಕೆಂಡ್ ಮಾತ್ರ ಹಿಡಿಯುವುದರಿಂದ, ಬಿಡಿಬಿಡಿ ರೆಕಾರ್ಡರ್‌ಗಳನ್ನು ಆಮೇಲೆ ಕೈಯಿಂದ ಹೊಂದಿಸುವುದು ಇಲ್ಲಿ ನಡೆಯುವುದಿಲ್ಲ.

ಉತ್ತರ 2: ಸಂಶೋಧನಾ ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಮೇಲಿನ ಸರ್ ಹೇಳಿದ್ದಕ್ಕೆ ಚಲನೆಯ ವಿಷಯವನ್ನು ಸೇರಿಸುತ್ತೇನೆ. ಸೆಕೆಂಡಿಗೆ 70 ಮೀಟರ್ ವೇಗದ ವಿಮಾನದ ಸದ್ದು 260 ಮೀಟರ್ ಕೆಳಗಿಳಿದು ಮೈಕ್ ಮುಟ್ಟುವಷ್ಟರಲ್ಲಿ ವಿಮಾನ 50 ಮೀಟರಿಗೂ ಹೆಚ್ಚು ಮುಂದೆ ಸಾಗಿರುತ್ತದೆ. ಎದುರು ಬರುವಾಗ 1000 ಹರ್ಟ್ಸ್‌ನ ಸ್ವರ ಸುಮಾರು 1250ರವರೆಗೆ ಏರಬಲ್ಲದು. ಆದ್ದರಿಂದ ವಿಮಾನದ ಮೇಲಿನ ಪ್ರತಿಯೊಂದು ಬಿಂದುವನ್ನೂ ಕ್ಷಣಕ್ಷಣವೂ ಹಿಂಬಾಲಿಸಿ, ಆಯಾ ಕ್ಷಣದ ವಿಳಂಬವನ್ನು ಲೆಕ್ಕಹಾಕಿ ಮೈಕ್‌ಗಳ ಸಂಕೇತಗಳನ್ನು ಕೂಡಿಸಬೇಕು. ವಿಮಾನಗಳು ತಮ್ಮ ಸ್ಥಾನ, ವೇಗಗಳನ್ನು ತಿಳಿಸಲು ರೇಡಿಯೊ ಮೂಲಕ ಪ್ರಸಾರ ಮಾಡುವ ಎಡಿಎಸ್-ಬಿ ಮಾಹಿತಿಯನ್ನು ಅಗ್ಗದ ರಿಸೀವರ್‌ನಿಂದ ಹಿಡಿಯಬಹುದು, ಆದರೆ ಅದೊಂದನ್ನೇ ನೆಚ್ಚಬೇಡಿ. ಅರೇಯ ನಡುವೆ ಆಕಾಶಕ್ಕೆ ಮುಖಮಾಡಿದ ಕ್ಯಾಮೆರಾ ಇಟ್ಟು, ಧ್ವನಿಯೊಂದಿಗೆ ಅದರ ಸಮಯವನ್ನು ಹೊಂದಿಸಿಕೊಳ್ಳಿ. ಅಂದಿನ ಉಷ್ಣಾಂಶವನ್ನೂ ಬರೆದಿಡಿ: ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್ ಇದ್ದರೆ 35 ಡಿಗ್ರಿಯಲ್ಲಿ ಸುಮಾರು 352 ಇರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಅಗಲವನ್ನು ಹೆಚ್ಚಿಸುತ್ತೇವೆ. ಡಾಮಾಸ್‌ನಂಥ ವಿಧಾನಗಳಿಂದ ಚಿತ್ರವನ್ನು ಇನ್ನಷ್ಟು ಸ್ಪಷ್ಟಗೊಳಿಸಬಹುದೆಂದು ಓದಿದ್ದೇನೆ. ಅದು ನಮಗೆ ನೆರವಾದೀತೇ?

ಉತ್ತರ 1 ಬರೆದವರು

ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ಬ್ರೂಕ್ಸ್ ಮತ್ತು ಹಂಫ್ರೀಸ್ ರೂಪಿಸಿದ ಡಾಮಾಸ್, ಅರೇಯಿಂದಲೇ ಉಂಟಾಗುವ ಮಸುಕನ್ನು ಲೆಕ್ಕದಿಂದ ತೆಗೆಯುತ್ತದೆ. ಆದರೆ ಮೈಕ್‌ಗಳ ಸ್ಥಾನ ಮತ್ತು ವಿಮಾನದ ಪಥ ನಿಖರವಾಗಿಲ್ಲದಿದ್ದರೆ ಅದು ಕೊಡುವ ಚೊಕ್ಕ ಚಿತ್ರವೂ ತಪ್ಪಾಗಿರುತ್ತದೆ, ಮತ್ತು ಆ ತಪ್ಪು ಚಿತ್ರದಲ್ಲಿ ಕಾಣುವುದೂ ಇಲ್ಲ. ಈ ಕಾರಣಕ್ಕೆ ಮೊದಲು ಕಾಲೇಜು ಮೈದಾನದಲ್ಲಿ ಎರಡು ಸ್ಪೀಕರ್‌ಗಳನ್ನು ಗೊತ್ತಿರುವ ಜಾಗದಲ್ಲಿಟ್ಟು, ಅರೇ ಅವನ್ನು ಅದೇ ಜಾಗದಲ್ಲಿ ತೋರಿಸುತ್ತದೆಯೇ ಎಂದು ಪರೀಕ್ಷಿಸಿ.

ಪಥದ ಲೆಕ್ಕವನ್ನು ಪರೀಕ್ಷಿಸಲು ವಿಮಾನವೇ ಒಂದು ದಾರಿ ಕೊಡುತ್ತದೆ. ಎ320 ಮಾದರಿಯ ರೆಕ್ಕೆಗಳ ಅಡಿಯಲ್ಲಿ ಇಂಧನ ಟ್ಯಾಂಕಿನ ಒತ್ತಡ ಸರಿದೂಗಿಸುವ ದುಂಡು ತೂತುಗಳಿವೆ. ಬಾಟಲಿಯ ಬಾಯಿಗೆ ಊದಿದಂತೆ ಗಾಳಿ ಅವುಗಳ ಮೇಲೆ ಹಾಯ್ದು ಸಿಳ್ಳೆಯಂಥ ಸ್ವರ ಏಳುತ್ತದೆ. ಜರ್ಮನಿಯಲ್ಲಿ ಹಾರಾಟದ ಮಾಪನಗಳಿಂದ ಇದನ್ನು ಗುರುತಿಸಿದ ಬಳಿಕ ಲುಫ್ತಾನ್ಸಾ 2014ರಿಂದ ತನ್ನ ವಿಮಾನಗಳ ಆ ತೂತುಗಳ ಮುಂದೆ ಸಣ್ಣ ಲೋಹದ ತುಣುಕುಗಳನ್ನು ಅಳವಡಿಸಿ ಆ ಸ್ವರವನ್ನು ಅಡಗಿಸಿತು. ಸ್ವರದ ಆವೃತ್ತಿ ಕೆಲವೇ ನೂರು ಹರ್ಟ್ಸ್ ಇರುವುದರಿಂದ ನಿಮ್ಮ ಅರೇ ಅದರ ಸ್ಥಳವನ್ನು ತೋರಿಸಲಾರದು. ಆದರೂ ಅದು ಕೇಳಿಸುವ ವಿಮಾನ ಸಿಕ್ಕರೆ ಸ್ಪೆಕ್ಟ್ರೋಗ್ರಾಂನಲ್ಲಿ (ಸಮಯದೊಂದಿಗೆ ಆವೃತ್ತಿ ಬದಲಾಗುವುದನ್ನು ತೋರಿಸುವ ಚಿತ್ರ) ಕೆಳಮುಖವಾಗಿ ಬಾಗುವ ಗೆರೆ ಕಾಣುತ್ತದೆ. ಚಲನೆಯ ಲೆಕ್ಕ ಸರಿಯಿದ್ದಲ್ಲಿ, ತಿದ್ದುಪಡಿಯ ನಂತರ ಆ ಗೆರೆ ನೇರವಾಗಿ ನಿಲ್ಲಬೇಕು.