ಅಪ್ಪ ಅಮ್ಮ ಜೊತೆ ಬುಡಾಪೆಸ್ಟ್, ಮೂರು ದಿನ, ಪೂರ್ತಿ ವೆಜ್. ಹೇಗೆ ಪ್ಲಾನ್ ಮಾಡ್ಲಿ?

ಸಾಗರದ_ಹುಡ್ಗಿ:
ನಮಸ್ಕಾರ ಎಲ್ರಿಗೂ. ನಾನು ಮ್ಯೂನಿಕ್‌ನಲ್ಲಿ ಕೆಲ್ಸದಲ್ಲಿದೀನಿ, ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮ ಸಾಗರದಿಂದ ಬರ್ತಿದಾರೆ. ಅಪ್ಪಂಗೆ ಡ್ಯಾನ್ಯೂಬ್ ನದಿ ನೋಡ್ಬೇಕಂತೆ, ಹೈಸ್ಕೂಲ್ ಭೂಗೋಳದಲ್ಲಿ ಓದಿದ್ದು ಇನ್ನೂ ಮರ್ತಿಲ್ಲ. ಅಮ್ಮಂಗೆ ಮಂಡಿ ನೋವು, ಮೆಟ್ಟಿಲು ಕಷ್ಟ, ಇಬ್ರೂ ಮೊಟ್ಟೆನೂ ಮುಟ್ಟಲ್ಲ. ಮೂರು ದಿನದಲ್ಲಿ ಒಂದಿನ ವಿಯೆನ್ನಾಗೂ ಹೋಗ್ಬರಬಹುದಾ?

ಗಾಂಧಿಬಜಾರ್_ವಾಸಿ:
ವಿಯೆನ್ನಾ ಬಿಟ್ಬಿಡಿ. ಟ್ರೇನಲ್ಲಿ ಹೋಗೋಕೇ ಎರಡೂವರೆ ಗಂಟೆ ಮೇಲೆ ಬೇಕು, ಬರೋಕೆ ಮತ್ತೆ ಅಷ್ಟು, ವಯಸ್ಸಾದವ್ರಿಗೆ ಸುಸ್ತು ಬಿಟ್ರೆ ಏನೂ ಉಳಿಯಲ್ಲ. ಕೆಲ್ಸದ ಮೇಲೆ ಬುಡಾಪೆಸ್ಟಲ್ಲಿ ಎರಡು ವರ್ಷ ಇದ್ದೆ, ಆ ಊರಿನ ಜೀವ ಇರೋದೇ ಹೊಳೆ ದಂಡೇಲಿ. ಈ ಕಡೆ ದಡ ಗುಡ್ಡದ ಬುಡಾ, ಆ ಕಡೆ ಸಮತಟ್ಟು ಪೆಸ್ಟ್ (ಅಲ್ಲಿಯವ್ರು ಪೆಶ್ಟ್ ಅಂತಾರೆ), 1873ರಲ್ಲಿ ಓಬುಡಾ ಅನ್ನೋ ಊರನ್ನೂ ಸೇರ್ಸಿ ಒಂದೇ ನಗರ ಮಾಡಿದ್ದು. 2ನೇ ನಂಬರ್ ಟ್ರಾಮ್ ಹತ್ತಿ ಹೊಳೆ ಕಡೆ ಕಿಟಕಿ ಹಿಡ್ಕೊಳಿ, ಪಾರ್ಲಿಮೆಂಟು, 1849ರ ಚೈನ್ ಬ್ರಿಡ್ಜು, ಆಚೆ ದಡದ ಅರಮನೆ ಎಲ್ಲಾ ಕೂತಲ್ಲೇ ಕಾಣುತ್ತೆ. ಕೋಟೆ ಗುಡ್ಡಕ್ಕೆ ನಡೆಯೋದು ಬೇಡ, 16ನೇ ನಂಬರ್ ಬಸ್ಸು ಮೇಲ್ತನಕ ಹೋಗುತ್ತೆ.

ಸಂಜೆ ಮಾತ್ರ ದಯವಿಟ್ಟು ಬೇರೇನೂ ಇಟ್ಕೋಬೇಡಿ. ಮೆಟ್ರೋದಲ್ಲಿ ಬತ್ಯಾನಿ ತೇರ್ ಸ್ಟೇಷನ್‌ಗೆ ಹೋಗಿ ಹೊಳೆ ಹತ್ರ ಬನ್ನಿ, ಎದುರಿಗೇ ಪಾರ್ಲಿಮೆಂಟ್. ಕತ್ತಲಾಗ್ತಿದ್ದ ಹಾಗೆ ದೀಪ ಹತ್ತಿ ಇಡೀ ಕಟ್ಟಡ ನೀರಲ್ಲಿ ಬೀಳುತ್ತೆ ನೋಡಿ, ನಾನು ಎರಡು ವರ್ಷ ನೋಡಿದ್ರೂ ಸಾಕಾಗ್ಲಿಲ್ಲ.

ಅವರೇಕಾಳು:
ಊಟದ ವಿಷ್ಯ ನಾನು ಹೇಳ್ತೀನಿ, ನಾವೂ ಶುದ್ಧ ವೆಜ್. ಗೂಯಾಶ್ ಅಂದ್ರೆ ದನದ ಮಾಂಸದ ಸೂಪು, ಗೊತ್ತಿರ್ಲಿ. ಲಾಂಗೋಶ್ ಅಂತ ಸಿಗುತ್ತೆ, ನಮ್ಮ ಭಟೂರ ಥರ ಎಣ್ಣೇಲಿ ಕರಿದು ಮೇಲೆ ಬೆಳ್ಳುಳ್ಳಿ, ಹುಳಿ ಕ್ರೀಮು, ಚೀಸ್ ಹಾಕ್ತಾರೆ, ನಮ್ಮ ತಾಯಿ ದಿನಾ ಅದೇ ಕೇಳ್ತಿದ್ರು. ಆದ್ರೆ ಕೆಲವು ಕಡೆ ಹಂದಿ ಕೊಬ್ಬಲ್ಲಿ ಕರೀತಾರೆ, ಕೇಳಿ ತಗೊಳಿ. ಫೋಝೆಲೇಕ್ ಅನ್ನೋ ತರಕಾರಿ ಪಲ್ಯ ನಮ್ಮ ಸಾಗು ಹಾಗೇ ಗಟ್ಟಿಯಾಗಿರುತ್ತೆ, ಅದಕ್ಕೂ ಅದೇ ಪ್ರಶ್ನೆ ಕೇಳಿ, ಮೇಲೆ ಮಾಂಸನೋ ಮೊಟ್ಟೆನೋ ಇಡ್ಬೇಡಿ ಅಂತ್ಲೂ ಹೇಳಿ. ಕೊಳವೆ ಥರ ಸುತ್ತಿ ಬೇಯಿಸೋ ಸಿಹಿ ಬ್ರೆಡ್ಡಿಗೆ ಸಾಮಾನ್ಯವಾಗಿ ಮೊಟ್ಟೆ ಬೀಳುತ್ತೆ.

ಅಮ್ಮನ ಮಂಡಿಗೆ ಬಿಸಿನೀರಿನ ಸ್ನಾನ ಮಾಡ್ಸಿ. ಸೇಚೆನಿ ಅಂತ 1913ರ ಸ್ನಾನಗೃಹ ಇದೆ, ಭೂಮಿಯೊಳಗಿಂದ ಬರೋ ಬಿಸಿನೀರು, ಬಯಲಲ್ಲೇ ದೊಡ್ಡ ಕೊಳ. ಈಜುಡುಗೆ ಬೇಕೇ ಬೇಕು. ಬಿಪಿ ಇದ್ರೆ ಮೊದ್ಲು ಡಾಕ್ಟರ್‌ನ ಕೇಳಿ. ಮತ್ತೆ ಕಾರ್ಡ್ ಮಷೀನು ಯೂರೋನಾ ಫೋರಿಂಟಾ (ಹಂಗೇರಿಯ ದುಡ್ಡು) ಅಂತ ಕೇಳಿದ್ರೆ ಫೋರಿಂಟೇ ಒತ್ತಿ.

ತುಂಗಾತೀರ:
ಪಾರ್ಲಿಮೆಂಟ್ ಹತ್ರ ದಂಡೆ ಮೇಲೆ ಕಬ್ಬಿಣದ ಚಪ್ಪಲಿ, ಬೂಟು ಸಾಲಾಗಿ ಇವೆ, 60 ಜೊತೆ. 1944-45ರಲ್ಲಿ ಅಲ್ಲಿನ ನಾಜಿ ಕಡೆಯವ್ರು ಯಹೂದಿಗಳ ಬೂಟು ಬಿಚ್ಚಿಸಿ ಗುಂಡು ಹೊಡೆದು ಹೊಳೆಗೆ ಬೀಳಿಸ್ತಿದ್ರು, ಅವ್ರ ನೆನಪಿಗೆ 2005ರಲ್ಲಿ ಮಾಡಿದ್ದು. ಮಕ್ಕಳ ಬೂಟೂ ಇದೆ. ನಮ್ಮಪ್ಪ ಅಲ್ಲಿ ಬಗ್ಗಿ ಒಂದು ಹೂವಿಟ್ಟು ಬಂದ್ರು, ಆಮೇಲೆ ತುಂಬ ಹೊತ್ತು ಮಾತಾಡ್ಲಿಲ್ಲ. ದಯವಿಟ್ಟು ಅದ್ರ ಮುಂದೆ ನಗ್ತಾ ಸೆಲ್ಫಿ ತೆಗೀಬೇಡಿ.

ಇನ್ನೊಂದು, ನಿಮ್ಮಪ್ಪಂಗೆ ಹೇಳಿ, ಮ್ಯೂನಿಕ್‌ನಲ್ಲಿ ಹರಿಯೋ ಈಸಾರ್ ಕೂಡ ಡ್ಯಾನ್ಯೂಬ್‌ಗೇ ಸೇರೋದು.

ಸಾಗರದ_ಹುಡ್ಗಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ವಿಯೆನ್ನಾ ಕ್ಯಾನ್ಸಲ್. ಈಸಾರ್ ವಿಷ್ಯ ಈಗಷ್ಟೇ ಅಪ್ಪಂಗೆ ಫೋನಲ್ಲಿ ಹೇಳ್ದೆ, ಹಾಗಾದ್ರೆ ಮೊದ್ಲು ನಿಮ್ಮನೆ ಹತ್ರದ ಹೊಳೆ ತೋರ್ಸು, ಅದೇ ನೀರನ್ನ ಅಲ್ಲಿ ಹೋಗಿ ನೋಡೋಣ ಅಂದ್ರು.