ದಿನಸಿ ದುಡ್ಡು ಇಪ್ಪತ್ತನೇ ತಾರೀಕಿಗೇ ಖಾಲಿ: ನಿಮ್ಮ ಮನೆಯಲ್ಲಿ ಹೇಗೆ ನಿಭಾಯಿಸುತ್ತೀರಿ?

ಕೇಳಿದ್ದು: ಬೆಂಗಳೂರು, ಬಾಡಿಗೆ ಮನೆ

ನಾವು ನಾಲ್ಕು ಜನ. ನಾವಿಬ್ಬರು, ಸ್ಕೂಲಿಗೆ ಹೋಗುವ ಮಗಳು, ಅತ್ತೆ. ಹಾಲು, ತರಕಾರಿ, ಗ್ಯಾಸ್ ಬಿಟ್ಟು ಬರೀ ದಿನಸಿಗೆ ತಿಂಗಳಿಗೆ 9 ಸಾವಿರ ಎತ್ತಿಡುತ್ತೇವೆ. ಇಪ್ಪತ್ತನೇ ತಾರೀಕಿನ ಹೊತ್ತಿಗೆ ಮುಗಿದಿರುತ್ತದೆ. ತಿಂಗಳ ಕೊನೆಗೆ ಕೂಡಿ ನೋಡಿದರೆ 14 ದಾಟಿರುತ್ತದೆ. ಅಂಥ ದುಬಾರಿಯದ್ದೇನೂ ತಿನ್ನುತ್ತಿಲ್ಲ. ಅನ್ನ, ಸಾರು, ಚಪಾತಿ, ಬೆಳಿಗ್ಗೆ ಉಪ್ಪಿಟ್ಟೋ ದೋಸೆಯೋ, ಅಷ್ಟೇ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಹಾಗಾಗಿ ಅರ್ಧ ಸಾಮಾನು ಫೋನಿನಲ್ಲೇ ತರಿಸುವುದು. ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತಿಲ್ಲ. ನೀವು ಹೇಗೆ ಮಾಡುತ್ತೀರಿ? ಉಪದೇಶ ಬೇಡ, ಮಾಡಿ ನೋಡಿದ್ದನ್ನು ಹೇಳಿ.

ದಾವಣಗೆರೆಯಿಂದ

ಮೊದಲು ಬಿಲ್ಲುಗಳನ್ನು ಎರಡು ಗುಂಪು ಮಾಡಿ. ತಿಂಗಳ ಚೀಟಿ ಬರೆದು ತಂದದ್ದು ಒಂದು ಕಡೆ, ಮಧ್ಯೆ ಮಧ್ಯೆ ತಂದದ್ದು ಇನ್ನೊಂದು ಕಡೆ. ಬೇರೆ ಏನು ಮಾಡುವುದಿದ್ದರೂ ಆಮೇಲೆ.

ಯಾಕೆ ಅಂದರೆ, ನೀವು ಹೇಳಿದ ಅಡುಗೆಗೆ 14 ಸಾವಿರ ಆಗುವುದೇ ಇಲ್ಲ. ನಮ್ಮ ಅಂಗಡಿಯ ದರ ಹಿಡಿದು ನಾಲ್ಕು ಜನಕ್ಕೆ ಲೆಕ್ಕ ಹಾಕಿ ನೋಡಿದೆ. ಸೋನಾಮಸೂರಿ ಅಕ್ಕಿ 20 ಕೆಜಿಗೆ 1,200. ಗೋಧಿ ಹಿಟ್ಟು 8 ಕೆಜಿಗೆ 360. ತೊಗರಿಬೇಳೆ 3 ಕೆಜಿ 390. ಉದ್ದು, ಕಡಲೆ, ಹೆಸರು ಎಲ್ಲ ಸೇರಿ 4 ಕೆಜಿ, 450. ಎಣ್ಣೆ 4 ಲೀಟರಿಗೆ 620. ಸಕ್ಕರೆ, ಬೆಲ್ಲಕ್ಕೆ 200. ರವೆ, ಅವಲಕ್ಕಿಗೆ 220. ಕಾಫಿ ಪುಡಿ, ಟೀ ಪುಡಿ 500. ಮೆಣಸಿನಕಾಯಿ, ಧನಿಯಾ, ಜೀರಿಗೆ, ಸಾಸಿವೆ, ಹುಣಸೆಹಣ್ಣು ಇಂಥದ್ದಕ್ಕೆಲ್ಲ 500. ಸೋಪು, ಬಟ್ಟೆ ಒಗೆಯುವ ಪುಡಿಗೆ 900. ಕೂಡಿದರೆ 5,340. ಬೆಂಗಳೂರಿನ ದರ ಅಂತ ಇನ್ನೊಂದು ಸಾವಿರ ಸೇರಿಸಿ. ಒಳ್ಳೆ ತುಪ್ಪ, ಗೋಡಂಬಿ ಅಂತ ಮತ್ತೊಂದು ಸಾವಿರ. ಆದರೂ ಏಳೂವರೆ ದಾಟುವುದಿಲ್ಲ. ಉಳಿದ ಆರೂವರೆ ಎಲ್ಲಿ ಹೋಗುತ್ತಿದೆ ಅಂತ ಎರಡನೇ ಗುಂಪು ಹೇಳುತ್ತದೆ.

ಜನ ಅಕ್ಕಿ ಬೇಳೆಯಲ್ಲಿ ಕೆಜಿಗೆ ಎರಡು ರೂಪಾಯಿ ಉಳಿಸಲು ಮೂರು ಅಂಗಡಿ ಸುತ್ತುತ್ತಾರೆ. 20 ಕೆಜಿಗೆ ಉಳಿಯುವುದು 40 ರೂಪಾಯಿ. ಆಟೋಗೆ ಸಾಲುವುದಿಲ್ಲ ಅದು.

ಹಾಸನದಿಂದ, ಕಿರಾಣಿ ಅಂಗಡಿ ಇಟ್ಟವರು

ಮೇಲಿನವರು ಹೇಳಿದ್ದು ಸರಿ. ಕೌಂಟರಿನ ಈ ಕಡೆ ನಿಂತವನ ಮಾತನ್ನೂ ಕೇಳಿ.

ಚೀಟಿ ಕೊಟ್ಟು ಹೋಗಿ ಸಂಜೆ ಬಂದು ಎತ್ತಿಕೊಂಡು ಹೋಗುವವರ ಬಿಲ್ಲು ತಿಂಗಳಿಂದ ತಿಂಗಳಿಗೆ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಒಳಗೆ ಬಂದು ಬುಟ್ಟಿ ಹಿಡಿದು ಸುತ್ತುವವರದು ಏರುತ್ತಲೇ ಇರುತ್ತದೆ. ದೊಡ್ಡ ಮಾರ್ಟುಗಳು ಬುಟ್ಟಿ ಕೊಡುವುದೇ ಅದಕ್ಕೆ. ನಾನೂ ಇತ್ತೀಚೆಗೆ ಬುಟ್ಟಿ ಇಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಎಣ್ಣೆ ಪ್ಯಾಕೆಟ್ಟಿನ ತೂಕ ಓದಿ. ಒಂದು ಲೀಟರ್ ಅಡುಗೆ ಎಣ್ಣೆ ಅಂದರೆ ಸುಮಾರು 910 ಗ್ರಾಂ. ಈಗ 750, 800 ಗ್ರಾಂ ಪ್ಯಾಕೆಟ್ಟುಗಳೂ ಬರುತ್ತವೆ. ನೋಡಲು ಲೀಟರ್ ಪ್ಯಾಕೆಟ್ಟಿನ ಹಾಗೇ ಇರುತ್ತವೆ. ಹತ್ತು ರೂಪಾಯಿ ಕಡಿಮೆ ಅಂತ ಖುಷಿಯಾಗಿ ತೆಗೆದುಕೊಳ್ಳುತ್ತಾರೆ, ಎಣ್ಣೆ ವಾರ ಮೊದಲೇ ಮುಗಿಯುತ್ತದೆ. ಬಿಸ್ಕೆಟ್, ಸೋಪು, ಟೀ ಪುಡಿಯಲ್ಲೂ ಇದೇ ಕತೆ. ಬೆಲೆ ಹಾಗೇ ಇದ್ದು ತೂಕ ಇಳಿದಿರುತ್ತದೆ. ಎಂಆರ್‌ಪಿ ಪಕ್ಕದಲ್ಲೇ ಗ್ರಾಂಗೆ ಎಷ್ಟು ಅಂತಲೂ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಎರಡು ಪ್ಯಾಕೆಟ್ ಹೋಲಿಸುವಾಗ ನೋಡಬೇಕಾದದ್ದು ಅದನ್ನು.

ಇನ್ನು ಅಕ್ಕಿ ಚೀಲ 26 ಕೆಜಿ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. 2022ರ ಜುಲೈಯಲ್ಲಿ 25 ಕೆಜಿವರೆಗಿನ, ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಪ್ಯಾಕೆಟ್ಟುಗಳಿಗೆ ಶೇ 5 ಜಿಎಸ್‌ಟಿ ಬಂತು. 25 ದಾಟಿದ ಚೀಲಕ್ಕೆ ಇಲ್ಲ. ಮಿಲ್ಲಿನವರು ಒಂದು ಕೆಜಿ ಜಾಸ್ತಿ ತುಂಬಿದರು, ಅಷ್ಟೇ. ಮೂಟೆಯಿಂದ ತೂಗಿ ಕೊಡುವ ಬಿಡಿ ಬೇಳೆಗೂ ಆ ತೆರಿಗೆ ಇಲ್ಲ. ನಂಬಿಕೆಯ ಅಂಗಡಿ ಇದ್ದರೆ ಬಿಡಿ ಬೇಳೆ ತೆಗೆದುಕೊಳ್ಳಿ, ಅಂಗೈಯಲ್ಲಿ ಹಾಕಿಕೊಂಡು ನೋಡಿ ಕೊಳ್ಳಬಹುದು. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕೆಟ್ ಮೇಲಿನ ತೆರಿಗೆ ಶೇ 18ರಿಂದ 5ಕ್ಕೆ ಇಳಿಯಿತು. ತುಪ್ಪ, ಬೆಣ್ಣೆಗೆ 12ರಿಂದ 5. ಅದಾದ ಮೇಲೂ ನಿಮ್ಮ ಬಿಲ್ಲು ಇಳಿದಿಲ್ಲ ಅಂದರೆ ತರುವುದು ಜಾಸ್ತಿಯಾಗಿದೆ ಅಂತಲೇ ಲೆಕ್ಕ.

ಉದ್ರಿ ಬರೆಸುವುದಾದರೆ ಪುಸ್ತಕ ನಿಮ್ಮ ಮನೆಯಲ್ಲಿರಲಿ. ಅಂಗಡಿಯಲ್ಲೇ ಇದ್ದರೆ ಮಕ್ಕಳು ಚಾಕೊಲೇಟ್ ಬರೆಸಿ ಹೋದದ್ದು ತಿಂಗಳ ಕೊನೆಗೇ ಗೊತ್ತಾಗುವುದು.

ಧಾರವಾಡದಿಂದ

ನಮ್ಮ ಕಡೆ ತಿಂಗಳ ಲೆಕ್ಕಕ್ಕಿಂತ ವರ್ಷದ ಲೆಕ್ಕ. ಜೋಳ, ತೊಗರಿಬೇಳೆ, ಮೆಣಸಿನಕಾಯಿ, ಹುಣಸೆಹಣ್ಣು, ಬೆಲ್ಲ ಈ ಐದನ್ನು ನಮ್ಮಮ್ಮ ಅಂಗಡಿಯಿಂದ ಕೆಜಿ ಕೆಜಿ ತಂದದ್ದೇ ಇಲ್ಲ. ಈಗ ನಾನೂ ಹಾಗೇ ಮಾಡುತ್ತೇನೆ.

ತೊಗರಿ ಕಲಬುರಗಿ ಕಡೆ ಡಿಸೆಂಬರ್, ಜನವರಿಯಲ್ಲಿ ಕೊಯ್ಲಿಗೆ ಬರುತ್ತದೆ. ಫೆಬ್ರವರಿ ಹೊತ್ತಿಗೆ ಹೊಸ ಬೇಳೆ ಪೇಟೆಗೆ ಬರುತ್ತದೆ. ಮಳೆಗಾಲದಲ್ಲಿ ಕೊಳ್ಳುವುದಕ್ಕಿಂತ ಆಗ ಸಾಮಾನ್ಯವಾಗಿ ಅಗ್ಗ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ರಾಶಿ ಬೀಳುವುದೂ ಜನವರಿಯಿಂದ ಏಪ್ರಿಲ್‌ವರೆಗೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಸೇರಿಸಿ ಬಿಸಿಲಲ್ಲಿ ಒಣಗಿಸಿ ಗಿರಣಿಯಲ್ಲಿ ಪುಡಿ ಮಾಡಿಸಿದರೆ ವರ್ಷಕ್ಕಾಯಿತು. ನೂರು, ಇನ್ನೂರು ಗ್ರಾಂ ಖಾರದಪುಡಿ ಪ್ಯಾಕೆಟ್ಟುಗಳ ಬೆಲೆಯನ್ನು ಕೆಜಿಗೆ ಲೆಕ್ಕ ಹಾಕಿ ನೋಡಿ, ಗಾಬರಿಯಾಗುತ್ತೀರಿ. ಸಾರಿನ ಪುಡಿ, ಸಾಂಬಾರ್ ಪುಡಿಯದೂ ಅದೇ ಕತೆ.

ಇಡುವುದು ಹೇಗೆ ಅಂತ ಕೇಳುತ್ತೀರಿ. ಬೇಳೆಯನ್ನು ಎರಡು ಬಿಸಿಲು ಒಣಗಿಸಿ, ಪೂರ್ತಿ ಆರಿದ ಮೇಲೆ ಕೆಜಿಗೆ ಒಂದು ಚಮಚದಂತೆ ಹರಳೆಣ್ಣೆ ಸವರಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬುವುದು. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವತು ಬೂಸ್ಟು ಹಿಡಿಯುತ್ತದೆ. ಜೋಳಕ್ಕೆ ಒಣಗಿದ ಬೇವಿನ ಸೊಪ್ಪು. ಹುಣಸೆಹಣ್ಣಿಗೆ ಬೀಜ ತೆಗೆದು ಕಲ್ಲುಪ್ಪು.

ಅಕ್ಕಿ ಮಾತ್ರ ಹೊಸದು ಅಗ್ಗ ಅಂತ ತರಬೇಡಿ. ಹಳೆ ಅಕ್ಕಿ ಚೆನ್ನಾಗಿ ಒದಗುತ್ತದೆ, ಅದೇ ಪಾವಿಗೆ ಜಾಸ್ತಿ ಅನ್ನ ಆಗುತ್ತದೆ. ಹೊಸದರ ಅನ್ನ ಮುದ್ದೆ.

ಬೆಂಗಳೂರಿನಿಂದ, ಎರಡನೇ ಮಹಡಿಯ ಒಂದು ಬೆಡ್‌ರೂಮಿನ ಮನೆ

ಧಾರವಾಡದವರ ಮಾತು ಓದಲು ಚೆಂದ. ಆದರೆ ನಮಗೆ ಬಿಸಿಲು ಬೀಳುವ ಜಾಗವೇ ಇಲ್ಲ. ಟೆರೇಸಿಗೆ ಓನರ್ ಬೀಗ. ವರ್ಷದ ಬೇಳೆ ಇಟ್ಟರೆ ನುಸಿಗೆ ಹಬ್ಬ. ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಿಸುವವರು ಮೂಟೆ ಹೊತ್ತುಕೊಂಡು ಎಲ್ಲಿಗೆ ಹೋಗುವುದು?

ಬಾಡಿಗೆ ಮನೆಯವರಿಗೆ ನಾನು ಹೇಳುವುದು ಇಷ್ಟು. ಕೆಡದೇ ಇರುವುದನ್ನು ಮಾತ್ರ ಮೂರು ತಿಂಗಳಿಗಾಗುವಷ್ಟು ಆಫರ್ ನೋಡಿ ತನ್ನಿ. ಸೋಪು, ಬಟ್ಟೆ ಪುಡಿ, ಪಾತ್ರೆ ಸೋಪು, ಉಪ್ಪು, ಸಕ್ಕರೆ. ರವೆ, ಮೈದಾ, ಹಿಟ್ಟು ಅಗ್ಗಕ್ಕೆ ಸಿಕ್ಕರೂ ಒಂದು ತಿಂಗಳಿಗಿಂತ ಜಾಸ್ತಿ ಬೇಡ. ರವೆಯನ್ನು ತಂದ ದಿನವೇ ಹುರಿದಿಟ್ಟರೆ ಹುಳ ಬೇಗ ಆಗುವುದಿಲ್ಲ, ಬೆಳಿಗ್ಗೆ ಉಪ್ಪಿಟ್ಟೂ ಬೇಗ ಆಗುತ್ತದೆ.

ಮಾರ್ಟಿನ ಒಂದು ಕೊಂಡರೆ ಒಂದು ಉಚಿತ ಬೋರ್ಡು ಜಾಸ್ತಿ ಇರುವುದು ನಿಮ್ಮ ಚೀಟಿಯಲ್ಲಿ ಇಲ್ಲದ ಸಾಮಾನಿನ ಮೇಲೆಯೇ. ಗಮನಿಸಿ ನೋಡಿ.

ಮೈಸೂರಿನಿಂದ, ಇಬ್ಬರೂ ಕೆಲಸಕ್ಕೆ ಹೋಗುವ ಮನೆ

ನಿಮ್ಮ ಪರಿಸ್ಥಿತಿ ನಮ್ಮದೇ. ನನ್ನ ಪ್ರಕಾರ ಸೋರುವ ಜಾಗ ಫೋನು.

ಹತ್ತು ನಿಮಿಷದ ಆ್ಯಪುಗಳಲ್ಲಿ ಒಂದು ಮೊತ್ತ ದಾಟಿದರೆ ಡೆಲಿವರಿ ಉಚಿತ. ಕೊತ್ತಂಬರಿ ಸೊಪ್ಪು, ಮೊಸರು ಸೇರಿ 70 ರೂಪಾಯಿ ಆಗಿರುತ್ತದೆ. 30 ರೂಪಾಯಿ ಡೆಲಿವರಿ ಉಳಿಸಲು 130 ರೂಪಾಯಿಯ ಚಿಪ್ಸು, ಕುಕ್ಕೀಸು ಸೇರಿಸುತ್ತೇವೆ. ಅದರ ಮೇಲೆ ಹ್ಯಾಂಡ್ಲಿಂಗ್ ಅಂತ ಒಂದಿಷ್ಟು, ಮಳೆ ಬಂದರೆ ಇನ್ನೊಂದಿಷ್ಟು. ಸೊಪ್ಪಿಗೆ ಹೊರಟವರು ಇನ್ನೂರು ಕೊಟ್ಟಿರುತ್ತೇವೆ. ಎರಡು ದಿನಕ್ಕೊಮ್ಮೆ ಹೀಗಾದರೆ ತಿಂಗಳಿಗೆ ಮೂರು ಸಾವಿರ. ದಾವಣಗೆರೆಯವರು ಹುಡುಕುತ್ತಿದ್ದ ಆರೂವರೆಯಲ್ಲಿ ಅರ್ಧ ಇಲ್ಲೇ ಸಿಕ್ಕಿತು.

ಆ್ಯಪ್ ತೆಗೆದು ಹಾಕಿ ಅಂತ ನಾನು ಹೇಳುವುದಿಲ್ಲ. ಏಳು ಗಂಟೆಗೆ ಆಫೀಸಿನಿಂದ ಬಂದು ಮೆಂತ್ಯ ಖಾಲಿ ಅಂತ ಯಾರು ಪೇಟೆಗೆ ಓಡುತ್ತಾರೆ? ನಾವು ಮಾಡಿದ್ದು ಬೇರೆ. ಬೇಕಾದದ್ದನ್ನು ಬೇಕೆನಿಸಿದಾಗಲೇ ಕಾರ್ಟಿಗೆ ಹಾಕುತ್ತೇವೆ, ಆದರೆ ಆರ್ಡರ್ ಒತ್ತುವುದು ಬುಧವಾರ ಮತ್ತು ಶನಿವಾರ ಮಾತ್ರ. ಒತ್ತುವ ಮೊದಲು ಮತ್ತೊಮ್ಮೆ ಓದಿದರೆ ನಾಲ್ಕೈದು ಸಾಮಾನು ಬೇಡ ಅನಿಸುತ್ತದೆ. ಆ್ಯಪಿಗೆ ಬೇರೆ ವಾಲೆಟ್ ಇಟ್ಟು ತಿಂಗಳ ಮೊದಲೇ 1,500 ಹಾಕಿಬಿಡುತ್ತೇವೆ. ಅದು ಮುಗಿದರೆ ಮುಗಿಯಿತು, ಉಳಿದದ್ದು ಬೀದಿ ಕೊನೆಯ ಅಂಗಡಿಯಿಂದ.

ದೋಸೆ ಅಂದಿರಿ. ಹಿಟ್ಟು ಮನೆಯಲ್ಲಿ ರುಬ್ಬುತ್ತೀರಾ, ಪ್ಯಾಕೆಟ್ ತರುತ್ತೀರಾ? ಒಂದು ಕೆಜಿ ಪ್ಯಾಕೆಟ್ಟಿನ ದುಡ್ಡಲ್ಲಿ ಮನೆಯಲ್ಲಿ ಎರಡರಷ್ಟಕ್ಕಿಂತ ಜಾಸ್ತಿ ಹಿಟ್ಟು ಆಗುತ್ತದೆ. ಭಾನುವಾರ ಸಂಜೆ ಒಮ್ಮೆ ರುಬ್ಬಿದರೆ ಗುರುವಾರದವರೆಗೆ ಫ್ರಿಜ್ಜಿನಲ್ಲಿ ಇರುತ್ತದೆ. ಕೊನೆಕೊನೆಗೆ ಹುಳಿ ಬಂದದ್ದು ಪಡ್ಡಿಗೆ.

ಉಡುಪಿಯಿಂದ

ತೆಂಗಿನಕಾಯಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ! 2025ರಲ್ಲಿ ಕಾಯಿಯ ದರ, ಕೊಬ್ಬರಿ ಎಣ್ಣೆಯ ದರ ಏರಿದ ರೀತಿಗೆ ನಮ್ಮ ಕರಾವಳಿಯ ಅಡುಗೆಮನೆಗಳೇ ನಡುಗಿಹೋದವು. ಗಸಿ, ಕೊದ್ದೆಲ್, ಚಟ್ನಿ ಎಲ್ಲಕ್ಕೂ ಕಾಯಿ. ವಾರದಲ್ಲಿ ಎರಡು ದಿನ ಕಾಯಿ ಇಲ್ಲದ ಅಡುಗೆ ಅಂತ ಮಾಡಿಕೊಂಡೆವು. ಮೆಣಸಿನ ಸಾರು, ಬೇಳೆ ತೊವ್ವೆ, ತಂಬುಳಿಗೆ ಮಜ್ಜಿಗೆ ಜಾಸ್ತಿ, ಕಾಯಿ ಕಡಿಮೆ. ಒಡೆದ ಕಾಯಿಯನ್ನು ತುರಿದು ಫ್ರೀಜರಿನಲ್ಲಿಟ್ಟರೆ ಅರ್ಧ ಹೋಳು ಲೋಳೆಯಾಗಿ ಬಿಸಾಡುವುದು ತಪ್ಪುತ್ತದೆ.

ಚಿತ್ರದುರ್ಗದ ಹತ್ತಿರದ ಹಳ್ಳಿಯಿಂದ

ನಮ್ಮದು ಬಿಪಿಎಲ್ ಕಾರ್ಡು. ಅಕ್ಕಿಯ ಚಿಂತೆ ಅಷ್ಟಿಲ್ಲ, ಚಿಂತೆ ಬೇಳೆ ಎಣ್ಣೆಯದು. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತಲ್ಲ, ನಮ್ಮ ನಾಲ್ಕು ಜನಕ್ಕೆ 680. ಅದನ್ನು ಬೇಳೆ, ಎಣ್ಣೆಗೇ ಅಂತ ಮೀಸಲಿಟ್ಟಿದ್ದೆ. 2025ರಲ್ಲಿ ಮತ್ತೆ ಅಕ್ಕಿಯೇ ಬಂದಾಗ ಆ ದುಡ್ಡಿನ ದಾರಿ ಮುಚ್ಚಿತು. ಆಗ ದೋಸೆ, ರೊಟ್ಟಿ, ಇಡ್ಲಿ ಎಲ್ಲಕ್ಕೂ ರೇಷನ್ ಅಕ್ಕಿಯನ್ನೇ ಬಳಸಿ ಗೋಧಿ, ರವೆ ತರುವುದನ್ನು ಇಳಿಸಿದೆ. ತೊಗರಿಬೇಳೆ ಜಾಗಕ್ಕೆ ವಾರದಲ್ಲಿ ಮೂರು ದಿನ ಹುರುಳಿ, ಅಲಸಂದೆ, ಹೆಸರುಕಾಳು. ಹುರುಳಿಕಾಳಿನ ಬಸ್ಸಾರು ಮಾಡಿದರೆ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಮುದ್ದೆಗೆ ಅದಕ್ಕಿಂತ ಬೇರೆ ಏನು ಬೇಕು? ಸಂತೆಗೆ ಸಂಜೆ ಹೋಗುತ್ತೇನೆ. ಉಳಿದದ್ದನ್ನು ವಾಪಸ್ ಹೊತ್ತುಕೊಂಡು ಹೋಗಲು ಅವರಿಗೂ ಮನಸ್ಸಿರುವುದಿಲ್ಲ.

ಕೇಳಿದವರೇ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಕಳೆದ ತಿಂಗಳ ಬಿಲ್ಲುಗಳನ್ನು ಎರಡು ಗುಂಪು ಮಾಡಿದೆವು. ಚೀಟಿ ಸಾಮಾನು 7 ಸಾವಿರದ ಆಸುಪಾಸು. ಉಳಿದದ್ದೆಲ್ಲ ದೋಸೆ ಹಿಟ್ಟು, ಬ್ರೆಡ್ಡು, ಜ್ಯೂಸು, ಮಗಳ ಡಬ್ಬಿಗೆ ತಿಂಡಿ ಪ್ಯಾಕೆಟ್ಟು, ರಾತ್ರಿ ತರಿಸಿದ ಐಸ್‌ಕ್ರೀಮು. ಅತ್ತೆ ಮಾತ್ರ ನಾನು ಮೊದಲೇ ಹೇಳಿದ್ದೆ ಅಂತ ಮೂರು ಸಲ ಹೇಳಿದರು. ವಾಲೆಟ್ ಉಪಾಯ ಈ ತಿಂಗಳಿಂದಲೇ ಶುರು. ಆದರೆ ಇನ್ನೊಂದು ಪ್ರಶ್ನೆ. ಮಗಳ ಸ್ಕೂಲ್ ಡಬ್ಬಿಗೆ ಏನು ಮಾಡುವುದು? ಹಬ್ಬದ ತಿಂಗಳಲ್ಲಿ ಯಾವ ಲೆಕ್ಕವೂ ನಿಲ್ಲುವುದಿಲ್ಲ, ಅದಕ್ಕೇನು ದಾರಿ?

ಶಿವಮೊಗ್ಗದಿಂದ, ನಿವೃತ್ತ ಬ್ಯಾಂಕ್ ನೌಕರ

ನಿಮ್ಮ ಮನೆಯಲ್ಲಷ್ಟೇ ಅಲ್ಲ. ಕೇಂದ್ರ ಸರ್ಕಾರದ 2023-24ರ ಮನೆ ಖರ್ಚಿನ ಸಮೀಕ್ಷೆಯಲ್ಲಿ ಪಟ್ಟಣದ ಜನರ ಒಟ್ಟು ಖರ್ಚಿನಲ್ಲಿ ಧಾನ್ಯಕ್ಕೆ ಹೋಗುವುದು ಶೇ 4ರ ಆಸುಪಾಸು. ಪಾನೀಯ, ತಿಂಡಿ, ಹೊರಗಿನ ಸಿದ್ಧ ಊಟ ಎಲ್ಲ ಸೇರಿದ ಬಾಬ್ತಿಗೆ ಸುಮಾರು ಶೇ 11. ಅಕ್ಕಿ ದರ ಏರಿದರೆ ಎಲ್ಲರೂ ಕೂಗುತ್ತೇವೆ, ಆ 11ರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಡಬ್ಬಿಗೆ ಕಡಲೆಬೀಜ, ಹುರಿಗಡಲೆ, ಬೆಲ್ಲ ಹಾಕಿ ಉಂಡೆ ಕಟ್ಟಿಡಿ. ಅವಲಕ್ಕಿ ಚೂಡಾ ಒಂದು ದೊಡ್ಡ ಡಬ್ಬಿ ಮಾಡಿದರೆ ಹದಿನೈದು ದಿನ ಬರುತ್ತದೆ. ಪೂರ್ತಿ ಬಂದ್ ಮಾಡಬೇಡಿ. ವಾರಕ್ಕೆ ಒಂದು ಪ್ಯಾಕೆಟ್ ಯಾವುದು ಅಂತ ಆಯ್ಕೆ ಮಾಡುವುದನ್ನು ಮಗುವಿಗೇ ಬಿಡಿ, ಜಗಳ ಅರ್ಧ ಕಡಿಮೆಯಾಗುತ್ತದೆ.

ಹಬ್ಬದ್ದು ಸುಲಭ. ಗೌರಿ ಗಣೇಶದಿಂದ ದೀಪಾವಳಿವರೆಗಿನ ಖರ್ಚನ್ನು ಆ ತಿಂಗಳುಗಳ ದಿನಸಿಗೆ ಸೇರಿಸಬೇಡಿ, ಬೇರೆ ಲೆಕ್ಕ ಇಡಿ. ಸಂಕ್ರಾಂತಿ ಕಳೆದ ತಕ್ಷಣ ತಿಂಗಳಿಗೆ 500ರಂತೆ ಆರ್‌ಡಿ ಶುರು ಮಾಡಿ. ಆಗಸ್ಟ್ ಹೊತ್ತಿಗೆ ನಾಲ್ಕು ಸಾವಿರ ಕೈಯಲ್ಲಿರುತ್ತದೆ. ತುಪ್ಪ, ಎಣ್ಣೆ, ಕಡಲೆಹಿಟ್ಟು, ದ್ರಾಕ್ಷಿ ಗೋಡಂಬಿಗೆ ಅದು ಸಾಕು. ಅವನ್ನೂ ಹಬ್ಬದ ಹಿಂದಿನ ದಿನದ ನೂಕುನುಗ್ಗಲಿನಲ್ಲಿ ಕೊಳ್ಳಬೇಡಿ, ಮೂರು ವಾರ ಮೊದಲೇ ತಂದಿಡಿ. ಹೂವು ಮಾತ್ರ ಎಷ್ಟು ಮೊದಲು ಯೋಚಿಸಿದರೂ ಆ ದಿನ ಕೇಳಿದಷ್ಟು ಕೊಡಬೇಕು.