ಪ್ರೈವಸಿ ಪಾಲಿಸಿ ಓದುತ್ತೀರಾ, ಸುಮ್ನೆ ಒಪ್ಪಿಬಿಡುತ್ತೀರಾ?

ಹಾಸನದಿಂದ ಪ್ರಶ್ನೆ: ಮನೆ ಸಾಲದ ಬಡ್ಡಿ ಎಲ್ಲಿ ಕಡಿಮೆ ಅಂತ ಒಂದು ವೆಬ್‌ಸೈಟಿನಲ್ಲಿ ನೋಡಿದೆ. ಫೋನ್ ನಂಬರ್ ಕೊಟ್ಟ ಮೇಲೇ ಪಟ್ಟಿ ತೋರಿಸಿತು. ಅವತ್ತಿಂದ ಸಾಲ ಬೇಕಾ, ಇನ್ಶೂರೆನ್ಸ್ ಬೇಕಾ ಅಂತ ಒಂದೇ ಸಮ ಕರೆ. ನಮ್ಮ ಮಾಹಿತಿಯನ್ನು ಏನು ಮಾಡುತ್ತೇವೆ ಅಂತ ಸೈಟಿನವರು ಬರೆದಿರುವ ಆ ಪ್ರೈವಸಿ ಪಾಲಿಸಿ ಪೂರ್ತಿ ಓದಬೇಕಿತ್ತಾ? ಯಾವ ಸೆಟ್ಟಿಂಗ್ ಬದಲಿಸಿದರೆ ನಿಜವಾಗಿ ಉಪಯೋಗ? ಅನುಭವ ಇದ್ದವರು ಹೇಳಿ.

ಮೈಸೂರಿನಿಂದ: ಪೂರ್ತಿ ಯಾರೂ ಓದುವುದಿಲ್ಲ, ಬಿಡಿ. ಕ್ರೋಮ್‌ನಲ್ಲಿ ಮೂರು ಚುಕ್ಕೆ ಒತ್ತಿದರೆ ‘ಫೈಂಡ್ ಇನ್ ಪೇಜ್’ ಸಿಗುತ್ತದೆ. ನಾನು ಅದರಲ್ಲಿ ‘ಶೇರ್’, ‘ಪಾರ್ಟ್‌ನರ್ಸ್’, ‘ಅಫಿಲಿಯೇಟ್ಸ್’ ಅಂತ ಹುಡುಕಿ, ಆ ಪ್ಯಾರಾಗಳನ್ನಷ್ಟೇ ಓದುತ್ತೇನೆ. ನಿಮ್ಮ ನಂಬರ್ ಯಾರ ಕೈಗೆ ಹೋಗುತ್ತದೆ ಅನ್ನುವುದು ಅಲ್ಲೇ ಇರುತ್ತದೆ.

ಅದಕ್ಕಿಂತ ಮುಖ್ಯ, ನಂಬರ್ ಬರೆಯುವ ಜಾಗದ ಕೆಳಗಿನ ಇರುವೆ ಸಾಲಿನಂಥ ಅಕ್ಷರ. ‘ನಾನು ಡಿಎನ್‌ಡಿಯಲ್ಲಿ (ಜಾಹೀರಾತು ಕರೆ ಬೇಡ ಅಂದವರ ಪಟ್ಟಿ) ಇದ್ದರೂ ನೀವು, ನಿಮ್ಮ ಪಾಲುದಾರರು ಕರೆ ಮಾಡಬಹುದು’ ಅನ್ನುವ ಅರ್ಥದ ಸಾಲು ಇಂಥ ಎಷ್ಟೋ ಸೈಟುಗಳಲ್ಲಿ ಇದೆ. ಪಕ್ಕದ ಚೌಕಕ್ಕೆ ಮೊದಲೇ ಟಿಕ್ ಬಿದ್ದಿರುತ್ತದೆ. ಹಾಗಾಗಿ 1909ಕ್ಕೆ ಫೋನ್ ಮಾಡಿ ಡಿಎನ್‌ಡಿ ಹಾಕಿಸಿದ್ದೇನೆ ಅಂತ ನೆಮ್ಮದಿಯಾಗಿ ಕೂರುವ ಹಾಗಿಲ್ಲ. ಪಾಲಿಸಿಯ ಕೊನೆಗೆ ಹೋಗಿ, ‘ಗ್ರೀವನ್ಸ್ ಆಫೀಸರ್’, ಅಂದರೆ ದೂರು ನೋಡಿಕೊಳ್ಳುವವರ ಒಂದು ಇಮೇಲ್ ಇರುತ್ತದೆ. 2011ರ ಐಟಿ ನಿಯಮದ ಪ್ರಕಾರ ಅದನ್ನು ಸೈಟಿನಲ್ಲಿ ಹಾಕಲೇಬೇಕು, ದೂರನ್ನು ಒಂದು ತಿಂಗಳೊಳಗೆ ಬಗೆಹರಿಸಬೇಕು. ‘ಒಪ್ಪಿಗೆ ವಾಪಸ್ ಪಡೆದಿದ್ದೇನೆ, ನನ್ನ ಮಾಹಿತಿ ಅಳಿಸಿ, ಯಾರ್‍ಯಾರಿಗೆ ಕೊಟ್ಟಿದ್ದೀರಿ ತಿಳಿಸಿ’ ಅಂತ ಬರೆಯಿರಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಗಂಟಲು ಹರಿದುಕೊಳ್ಳುವುದಕ್ಕಿಂತ ಇದೇ ವಾಸಿ.

ಡಬ್ಲಿನ್‌ನಿಂದ: ಇಲ್ಲಿ ಕುಕೀ ಬ್ಯಾನರ್‌ಗಳ ಕಾಟ ಜಾಸ್ತಿ. ಕುಕೀ ಅಂದರೆ ನಮ್ಮನ್ನು ಗುರುತಿಡಲು ಸೈಟುಗಳು ಬ್ರೌಸರ್‌ನಲ್ಲಿ ಇಡುವ ಪುಟ್ಟ ಫೈಲು, ಅದಕ್ಕೆ ಒಪ್ಪಿಗೆ ಕೇಳುವುದೇ ಈ ಬ್ಯಾನರ್. ಮೊದಲೆಲ್ಲ ಒಪ್ಪಲು ಒಂದೇ ಒತ್ತು, ಬೇಡ ಅನ್ನಲು ಮೂರು ಪುಟ ದಾಟಬೇಕಿತ್ತು. ಇದೇ ಕಾರಣಕ್ಕೆ ಫ್ರಾನ್ಸ್ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿತು. ಆಮೇಲೆ ‘ರಿಜೆಕ್ಟ್ ಆಲ್’ ಬಟನ್ ಬಂತು ನೋಡಿ! ಆದರೂ ಹುಷಾರು. ಕೆಲವು ಸೈಟುಗಳಲ್ಲಿ ‘ಲೆಜಿಟಿಮೇಟ್ ಇಂಟರೆಸ್ಟ್’ (ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಕಂಪನಿ ಕೊಡುವ ಕಾರಣ) ಅಂತ ಬೇರೆ ಟ್ಯಾಬ್ ಇರುತ್ತದೆ, ಅಲ್ಲಿನ ಸ್ವಿಚ್‌ಗಳು ಆನ್ ಆಗಿಯೇ ಕೂತಿರುತ್ತವೆ. ಅಲ್ಲಿ ‘ಆಬ್ಜೆಕ್ಟ್ ಆಲ್’ ಒತ್ತಿ. ಊರಲ್ಲಿರುವವರು ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಥರ್ಡ್ ಪಾರ್ಟಿ ಕುಕೀ (ನಾವು ನೋಡುವ ಸೈಟಿನದಲ್ಲದೆ ಬೇರೆಯವರು ಇಡುವ ಕುಕೀ) ಬ್ಲಾಕ್ ಮಾಡಿಬಿಡಿ. ಅಪರೂಪಕ್ಕೆ ಯಾವುದೋ ಲಾಗಿನ್ ಕೈಕೊಡಬಹುದು, ಆಗ ಆ ಸೈಟಿಗಷ್ಟೇ ಬಿಟ್ಟರಾಯಿತು.

ಪುತ್ತೂರಿನಿಂದ: ಅಮ್ಮನ ಫೋನಿನಲ್ಲಿ ಹಗಲೂ ರಾತ್ರಿ ‘ವೈರಸ್ ಬಂದಿದೆ’ ಅಂತ ಮೆಸೇಜು. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಯಾವುದೋ ಅಡುಗೆ ಸೈಟು ನೋಟಿಫಿಕೇಶನ್‌ಗೆ ‘ಅಲೋ’ ಕೇಳಿತ್ತು, ಅವರು ಒತ್ತಿದ್ದರು. ಕ್ರೋಮ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಆ ಪಟ್ಟಿ ಖಾಲಿ ಮಾಡಿದೆ, ಮುಂದೆ ಯಾವ ಸೈಟೂ ಕೇಳದ ಹಾಗೆ ಆಫ್ ಮಾಡಿದೆ. ಮನೆಯ ಹಿರಿಯರ ಫೋನಿಗೆ ಮೊದಲು ಇದನ್ನೇ ಮಾಡಿ. ಗೂಗಲ್ ಖಾತೆಯ ಆಕ್ಟಿವಿಟಿ, ಅಂದರೆ ಹುಡುಕಿದ್ದು, ನೋಡಿದ್ದರ ದಾಖಲೆ, 3 ತಿಂಗಳಿಗಿಂತ ಹಳೆಯದಾದರೆ ತಾನಾಗಿ ಅಳಿಯುವ ಹಾಗೂ ಇಡಬಹುದು.

ಬೆಂಗಳೂರಿನಿಂದ: ಕಾನೂನಿನ ವಿಷಯ ಸ್ವಲ್ಪ ಸೇರಿಸುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಕೇಸಿನಲ್ಲಿ. 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ) ಕಾಯ್ದೆ ಪ್ರಕಾರ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು. ಒಪ್ಪಿಗೆ ಕೇಳುವಾಗ ಕೊಡುವ ನೋಟಿಸನ್ನು ಕನ್ನಡದಲ್ಲೇ ಓದುವ ಆಯ್ಕೆಯನ್ನೂ ಕೊಡಬೇಕು. ಆದರೆ 2025ರ ನವೆಂಬರ್‌ನಲ್ಲಿ ಬಂದ ನಿಯಮಗಳು ಕಂಪನಿಗಳಿಗೆ ಇದಕ್ಕೆಲ್ಲ 18 ತಿಂಗಳ ಗಡುವು ಕೊಟ್ಟಿವೆ. ಅಲ್ಲಿಯವರೆಗೆ ಮೈಸೂರಿನವರು ಹೇಳಿದ ಇಮೇಲ್ ದಾರಿಯೇ ಗಟ್ಟಿ. ಕಳಿಸಿದ ಮೇಲ್ ಮಾತ್ರ ಡಿಲೀಟ್ ಮಾಡಬೇಡಿ, ತಾರೀಖು ಆಮೇಲೆ ಬೇಕಾಗುತ್ತದೆ.